ಟೆಟ್ರಾ ಪ್ಯಾಕ್ ಬಿಚ್ಚಲು ಕೈ ಸೋಲುತ್ತಿದೆಯೆ?

ಮನೆಯಲ್ಲಿ ವಯಸ್ಸಾದವರಿಗೆ ಜ್ವರ. ಬಾಯಿಗೆ ಏನೂ ರುಚಿಸುತ್ತಿಲ್ಲ. ಕೆಲಸಕ್ಕೆ ಹೊರಟ ಮಗ ಅಥವಾ ಸೊಸೆ ಹಾಸಿಗೆಯ ಪಕ್ಕದಲ್ಲಿ ಹಾಲಿನದೋ ಮಜ್ಜಿಗೆಯದೋ ಒಂದು ಟೆಟ್ರಾ ಪ್ಯಾಕ್ ಇಟ್ಟು, 'ಮಧ್ಯಾಹ್ನ ಮರೆಯದೆ ಕುಡಿಯಿರಿ' ಎಂದು ಹೇಳಿ ಹೋಗುತ್ತಾರೆ. ಸಂಜೆ ಬಂದು ನೋಡಿದರೆ ಪ್ಯಾಕ್ ಇಟ್ಟ ಹಾಗೆಯೇ ಇರುತ್ತದೆ. ಕೇಳಿದರೆ 'ಬಾಯಾರಿಕೆ ಆಗಲಿಲ್ಲ' ಎಂಬ ಉತ್ತರ ಬರುತ್ತದೆ. ನಿಜವಾದ ಕಾರಣ ಬೇರೆಯೇ ಇರಬಹುದು. ಅದನ್ನು ತೆರೆಯಲು ಅವರ ಕೈಲಾಗಿರಲಿಕ್ಕಿಲ್ಲ, ಹೇಳಿಕೊಳ್ಳಲು ಸಂಕೋಚವಾಗಿರಬಹುದು.

ಇದು ಸಣ್ಣ ವಿಷಯವೆಂದು ತಳ್ಳಿಹಾಕಬೇಡಿ. ವಯಸ್ಸಾದಂತೆ ಬಾಯಾರಿಕೆಯ ಅರಿವು ಕಡಿಮೆಯಾಗುತ್ತದೆ. ಅಂಥವರು ಜ್ವರವಿದ್ದಾಗ ಒಂದು ದಿನ ಸರಿಯಾಗಿ ದ್ರವ ಸೇವಿಸದಿದ್ದರೂ ತಲೆಸುತ್ತು, ಮಂಕು, ಮೂತ್ರ ಕಡಿಮೆಯಾಗುವುದು, ಎದ್ದಾಗ ಜೋಲಿ ಹೊಡೆದು ಬೀಳುವುದು ಇವೆಲ್ಲ ಶುರುವಾಗಬಹುದು. ಹಲಸೂರು, ಶಿವಾಜಿನಗರ, ಇಂದಿರಾನಗರದ ಎಷ್ಟೋ ಮನೆಗಳಲ್ಲಿ ಈಗ ಹಗಲು ಹೊತ್ತು ಇರುವವರು ಹಿರಿಯರು ಮಾತ್ರ. ಕೆ.ಆರ್. ಪುರದ ಬಳಿಯ ದೂರವಾಣಿನಗರದಲ್ಲಿ 1948ರಲ್ಲಿ ಆರಂಭವಾದ ಐ.ಟಿ.ಐ. ಕಾರ್ಖಾನೆಯಲ್ಲಿ ಟೆಲಿಫೋನಿನ ಸಣ್ಣ ಸಣ್ಣ ಭಾಗಗಳನ್ನು ಜೋಡಿಸಿ ನಿವೃತ್ತರಾದವರು ಈ ಭಾಗದಲ್ಲಿ ಅನೇಕರಿದ್ದಾರೆ. ಅಷ್ಟು ನಾಜೂಕಿನ ಕೆಲಸ ಮಾಡಿದ ಕೈ ಇಂದು ಒಂದು ಪ್ಯಾಕಿನ ಮುಂದೆ ಸೋಲುತ್ತದೆ ಎಂದರೆ ಅದು ಅವರ ದಡ್ಡತನವಲ್ಲ. ಕಾರಣ ಅರ್ಧ ಕೈಯಲ್ಲಿದೆ, ಅರ್ಧ ಪ್ಯಾಕಿನಲ್ಲಿದೆ.

ಪ್ಯಾಕ್ ಅಷ್ಟು ಗಟ್ಟಿ ಏಕೆ?

ಟೆಟ್ರಾ ಪ್ಯಾಕ್ ಸ್ವೀಡನ್ ದೇಶದ ಕೊಡುಗೆ. ಕಂಪನಿ ಶುರುವಾದದ್ದು 1951ರಲ್ಲಿ. ನಾವು ಇಂದು ಕಾಣುವ ಇಟ್ಟಿಗೆಯಾಕಾರದ ಪ್ಯಾಕ್ ಬಂದದ್ದು 1963ರಲ್ಲಿ. ನಮ್ಮಲ್ಲಿ 1985ರಲ್ಲಿ ಫ್ರೂಟಿ ಮಾವಿನ ಪಾನೀಯದ ಮೂಲಕ ಅದು ಮನೆಮಾತಾಯಿತು. ಈಗ ನಂದಿನಿ ಗುಡ್‌ಲೈಫ್ ಹಾಲೂ ಇಂಥ ಪ್ಯಾಕಿನಲ್ಲಿ ಸಿಗುತ್ತದೆ.

ಈ ಹಾಲನ್ನು 135 ಡಿಗ್ರಿ ಸೆಲ್ಸಿಯಸ್‌ಗಿಂತಲೂ ಹೆಚ್ಚು ಉಷ್ಣತೆಯಲ್ಲಿ ಕೆಲವೇ ಸೆಕೆಂಡು ಕಾಯಿಸಿ, ತಣಿಸಿ, ರೋಗಾಣುರಹಿತ ಪ್ಯಾಕಿಗೆ ತುಂಬುತ್ತಾರೆ. ಆದ್ದರಿಂದಲೇ ಅದು ಫ್ರಿಜ್ ಇಲ್ಲದೆಯೂ ತಿಂಗಳುಗಟ್ಟಲೆ ಕೆಡುವುದಿಲ್ಲ. ಪ್ಯಾಕಿನಲ್ಲಿ ರಟ್ಟು, ಪಾಲಿಥೀನ್ ಮತ್ತು ತೆಳು ಅಲ್ಯೂಮಿನಿಯಂ ಹಾಳೆಯ ಪದರಗಳಿರುತ್ತವೆ. ಎಲ್ಲಿಯೂ ಸೂಜಿಮೊನೆಯಷ್ಟು ತೂತೂ ಇರಬಾರದು. ಲಾರಿಯಲ್ಲಿ ಕುಲುಕಿದರೂ ಒಂದರ ಮೇಲೊಂದು ಪೇರಿಸಿದರೂ ಒಡೆಯಬಾರದು. ಒಳಗಿನದನ್ನು ಕಾಯುವ ಈ ಗಟ್ಟಿತನವೇ ದುರ್ಬಲ ಕೈಗೆ ಅಡ್ಡಿಯಾಗುತ್ತದೆ.

ಇನ್ನೊಂದು ಬದಲಾವಣೆಯನ್ನೂ ನೀವು ಗಮನಿಸಿರಬಹುದು. 2022ರ ಜುಲೈ 1ರಿಂದ ದೇಶದಲ್ಲಿ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಸ್ಟ್ರಾ ನಿಷೇಧವಾಗಿ, ಅನೇಕ ಪ್ಯಾಕುಗಳಿಗೆ ಕಾಗದದ ಸ್ಟ್ರಾ ಬಂದಿದೆ. ಪರಿಸರಕ್ಕೆ ಇದು ಒಳ್ಳೆಯದೇ. ಆದರೆ ಅಲ್ಯೂಮಿನಿಯಂ ಹಾಳೆಯನ್ನು ಚುಚ್ಚುವಾಗ ಕೈ ನಡುಗಿದರೆ ಕಾಗದದ ತುದಿ ಮಡಚಿಕೊಳ್ಳುತ್ತದೆ. ಒದ್ದೆಯಾದರಂತೂ ಎರಡನೆಯ ಸಲ ಚುಚ್ಚಲು ಬರುವುದೇ ಇಲ್ಲ.

ಕೈ ಸೋಲುವುದೇಕೆ?

ಪ್ಯಾಕಿನ ಮೂಲೆ ಹರಿಯಲು ಬಳಸುವುದು ಹೆಬ್ಬೆರಳು ಮತ್ತು ತೋರುಬೆರಳಿನ ಚಿವುಟು ಹಿಡಿತ. ಬೆರಳ ತುದಿಯಲ್ಲಿ 1 ಕಿಲೋ ಬಲ ಹಾಕಿದರೆ ಹೆಬ್ಬೆರಳಿನ ಬುಡದ ಕೀಲಿನ ಮೇಲೆ ಸುಮಾರು 12 ಕಿಲೋದಷ್ಟು ಒತ್ತಡ ಬೀಳುತ್ತದೆ. ಆ ಕೀಲು ಸವೆದವರಿಗೆ ಪ್ಯಾಕ್ ಹರಿಯುವುದೆಂದರೆ ಜೀವ ಹೋದಷ್ಟು ನೋವು. ಐವತ್ತು ದಾಟಿದ ಹೆಂಗಸರಲ್ಲಿ ಈ ಸವೆತ ಹೆಚ್ಚು.

ಆದರೆ ಎಲ್ಲವನ್ನೂ 'ವಯಸ್ಸಾಯಿತು' ಎಂಬ ಮಾತಿಗೆ ಗಂಟುಹಾಕಬಾರದು. ಮೊನ್ನೆಯವರೆಗೆ ಬರುತ್ತಿದ್ದ ಕೆಲಸ ಈಗ ಬರುತ್ತಿಲ್ಲವೆಂದರೆ ಕಾರಣ ಹುಡುಕಬೇಕು. ಈ ಸೂಚನೆಗಳನ್ನು ನೆನಪಿಡಿ:

* ಬೆಳಗ್ಗೆ ಎದ್ದಾಗ ಎರಡೂ ಕೈಯ ಬೆರಳುಗಳು ಅರ್ಧ ಗಂಟೆಗೂ ಹೆಚ್ಚು ಹೊತ್ತು ಬಿಗಿದುಕೊಂಡು, ಗಿಣ್ಣು ಊದಿದ್ದರೆ ಸಂಧಿವಾತ ಇರಬಹುದು.

* ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಜೋಮು ಹಿಡಿದು, ಕೈ ಕೊಡವಿದರೆ ಹಾಯೆನಿಸಿದರೆ, ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರಬಹುದು.

* ಸಕ್ಕರೆ ಕಾಯಿಲೆಯವರು ಎರಡೂ ಅಂಗೈ ಜೋಡಿಸಿ ನಮಸ್ಕಾರ ಮಾಡಿ ನೋಡಿ. ಬೆರಳುಗಳು ಪೂರ್ತಿ ಕೂಡದೆ ನಡುವೆ ಸಂದು ಉಳಿದರೆ ಕೀಲುಗಳು ಬಿಗಿಯುತ್ತಿವೆ ಎಂದರ್ಥ. ಸಕ್ಕರೆಯ ಹತೋಟಿ ಹೇಗಿದೆಯೆಂದು ಪರೀಕ್ಷಿಸಬೇಕು.

* ಸುಮ್ಮನೆ ತೊಡೆಯ ಮೇಲಿಟ್ಟ ಕೈ ನಡುಗುವುದು, ಅಕ್ಷರ ಚಿಕ್ಕದಾಗುವುದು, ನಡಿಗೆ ನಿಧಾನವಾಗುವುದು ಪಾರ್ಕಿನ್ಸನ್ ಕಾಯಿಲೆಯ ಲಕ್ಷಣಗಳಾಗಿರಬಹುದು.

* ಒಂದು ಕೈ ಇದ್ದಕ್ಕಿದ್ದಂತೆ ಸೋತು, ಬಾಯಿ ಸೊಟ್ಟಗಾಗಿ, ಮಾತು ತೊದಲಿದರೆ ಅದು ಪಾರ್ಶ್ವವಾಯು. ಆಗ ಮನೆಮದ್ದು, ಎಣ್ಣೆ ತಿಕ್ಕುವುದು ಬೇಡ. ತಕ್ಷಣ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ರಕ್ತದ ಗಡ್ಡೆ ಕರಗಿಸುವ ಚುಚ್ಚುಮದ್ದು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಟ್ಟರೆ ಮಾತ್ರ ಫಲ.

ಕೈಹಿಡಿತ ಇಡೀ ದೇಹದ ಸ್ಥಿತಿಯನ್ನೂ ಹೇಳುತ್ತದೆ. ಭಾರತವೂ ಸೇರಿದಂತೆ 17 ದೇಶಗಳ ಸುಮಾರು 1,40,000 ಜನರ ಹಿಡಿತವನ್ನು ಅಳೆದು, ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಹಿಡಿತ ದುರ್ಬಲವಾಗಿದ್ದವರಲ್ಲಿ ಸಾವಿನ ಸಂಭವ ಹೆಚ್ಚಿತ್ತು. ಆದ್ದರಿಂದ ಮುಂದಿನ ಸಲ ವೈದ್ಯರ ಬಳಿ ಹೋದಾಗ 'ಡಾಕ್ಟರೇ, ಪ್ಯಾಕ್ ಬಿಚ್ಚಲು ಆಗುತ್ತಿಲ್ಲ' ಎಂದು ಹೇಳಿ. ಬಿ.ಪಿ., ಸಕ್ಕರೆಯ ಜೊತೆಗೆ ಅದೂ ಹೇಳಬೇಕಾದ ವಿಷಯವೇ. ಮಾತ್ರೆಯ ಹಾಳೆಯಿಂದ ಮಾತ್ರೆ ಒತ್ತಿ ತೆಗೆಯಲು ಬರುತ್ತದೆಯೇ ಎಂಬುದನ್ನೂ ತಿಳಿಸಿ. ತೆಗೆಯಲಾಗದ ಮಾತ್ರೆ ನುಂಗಿದ ಮಾತ್ರೆಯಲ್ಲ.

ತೆರೆಯುವ ಕ್ರಮ

ಮೊದಲನೆಯದಾಗಿ, ಹಲ್ಲಿನಿಂದ ಕಚ್ಚಿ ಹರಿಯಬೇಡಿ. ಹಲ್ಲಿನ ಹೊಳಪು ಪದರ ಒಮ್ಮೆ ಚಕ್ಕೆಯೆದ್ದರೆ ಮತ್ತೆ ಬೆಳೆಯುವುದಿಲ್ಲ. ಕಟ್ಟಿಸಿದ ಹಲ್ಲಾದರೆ ಕಿತ್ತೇ ಬರಬಹುದು. ಎಡಗೈಯಲ್ಲಿ ಪ್ಯಾಕ್ ಎತ್ತಿ ಹಿಡಿದು ಬಲಗೈಯ ಚಾಕುವಿನಿಂದ ಚುಚ್ಚುವುದೂ ಬೇಡ. ಚಾಕು ಜಾರಿದರೆ ಅಂಗೈಯ ನರ, ಸ್ನಾಯುರಜ್ಜು ಕತ್ತರಿಸಿ ಬೆರಳು ಮಡಚಲಾಗದೆ ಹೋದೀತು.

ಪ್ಯಾಕನ್ನು ತೊಳೆದು, ಒರೆಸಿ, ಮೇಜಿನ ಮೇಲೆ ನಿಲ್ಲಿಸಿ. ಕೈ ಒಣಗಿರಲಿ. ಮೇಲ್ಭಾಗದ ಎರಡೂ ಕಿವಿಗಳನ್ನು ಮೊದಲು ಎತ್ತಿ. ಆಗ ಒಳಗೆ ಜಾಗವಾಗಿ ದ್ರವ ಚಿಮ್ಮುವುದಿಲ್ಲ. ಕಿವಿಯ ತುದಿಯನ್ನು ಕತ್ತರಿಯಿಂದ ಕತ್ತರಿಸಿ ಲೋಟಕ್ಕೆ ಬಗ್ಗಿಸಿ. ಪ್ಯಾಕಿನ ಚಪ್ಪಟೆ ಬದಿಯನ್ನು ಅದುಮದೆ ಅಂಚುಗಳಲ್ಲಿ ಹಿಡಿಯಿರಿ. ತಿರುಪು ಮುಚ್ಚಳವಿದ್ದರೆ ಅದರ ಮೇಲೆ ರಬ್ಬರ್ ಕೈಗವಸು ಹಾಕಿಕೊಂಡು ತಿರುಗಿಸಿದರೆ ಕಡಿಮೆ ಬಲ ಸಾಕು. ಈ ಕೆಲಸಕ್ಕೆಂದೇ ದೊಡ್ಡ ಹಿಡಿಯ ಕತ್ತರಿಯೊಂದನ್ನು ಅಡುಗೆಮನೆಯಲ್ಲಿ ತೂಗುಹಾಕಿ. ದಿನನಿತ್ಯದ ನೀಲಿ ಹಾಲಿನ ಪ್ಯಾಕೆಟ್ಟಿಗೂ ಅದೇ ಆಯಿತು. ಆದರೆ ಮೂಲೆಯ ತುಂಡು ಪ್ಯಾಕೆಟ್ಟಿಗೇ ಅಂಟಿಕೊಂಡಿರಲಿ, ಬೇರೆಯಾಗಿ ಚರಂಡಿ ಸೇರುವುದು ಬೇಡ.

ಉಬ್ಬಿದ ಪ್ಯಾಕನ್ನು ಬಳಸಬೇಡಿ. ತೆರೆದ ಮೇಲೆ ಈ ಹಾಲೂ ಸಾಧಾರಣ ಹಾಲಿನಂತೆಯೇ. ಫ್ರಿಜ್‌ನಲ್ಲಿಟ್ಟು, ಪ್ಯಾಕಿನ ಮೇಲೆ ಬರೆದ ಅವಧಿಯೊಳಗೆ ಮುಗಿಸಿ. ಕೈ ತೀರಾ ಸೋತವರಿಗೆ, ಕೆಲಸಕ್ಕೆ ಹೋಗುವ ಮೊದಲೇ ನೀರು, ಮಜ್ಜಿಗೆಯನ್ನು ಸುಲಭವಾಗಿ ತೆರೆಯುವ ಸ್ಟೀಲ್ ಪಾತ್ರೆಗೆ ಸುರಿದಿಟ್ಟು ಹೋಗುವುದೇ ಉತ್ತಮ.

ತಯಾರಕರು ಮಾಡಬಹುದಾದ್ದು

ಗಟ್ಟಿಯಾಗಿಯೂ ಇರಬೇಕು, ಸುಲಭವಾಗಿಯೂ ತೆರೆಯಬೇಕು ಎಂದರೆ ಆಗದ ಮಾತಲ್ಲ. ಜಪಾನಿನಲ್ಲಿ ಹಾಲಿನ ಪೆಟ್ಟಿಗೆಯ ತಲೆಯ ಮೇಲೆ ಅರ್ಧಚಂದ್ರಾಕಾರದ ಒಂದು ಕಚ್ಚು ಇರುತ್ತದೆ. ಕಣ್ಣು ಕಾಣದವರು ಅದನ್ನು ಸವರಿ ಇದು ಹಾಲು ಎಂದೂ, ಕಚ್ಚಿನ ಎದುರು ಬದಿಯಲ್ಲಿ ತೆರೆಯಬೇಕೆಂದೂ ತಿಳಿಯುತ್ತಾರೆ. ಅಮೆರಿಕದಲ್ಲಿ 1970ರ ಕಾನೂನು ಔಷಧದ ಮುಚ್ಚಳ ಮಕ್ಕಳ ಕೈಗೆ ಸಿಗದಂತಿರಬೇಕೆಂದಿತು. ಅದು ಹಿರಿಯರಿಗೂ ಕಷ್ಟವಾದಾಗ, 1995ರಲ್ಲಿ ನಿಯಮ ತಿದ್ದಿ, 50ರಿಂದ 70 ವಯಸ್ಸಿನವರು ತೆರೆಯಬಲ್ಲರೇ ಎಂಬ ಪರೀಕ್ಷೆಯನ್ನು ಸೇರಿಸಿದರು. ಪ್ಯಾಕ್ ಸುಲಭವಾಗಿ ತೆರೆಯುವುದಕ್ಕೆಂದೇ 2015ರಲ್ಲಿ ಐ.ಎಸ್.ಒ. 17480 ಎಂಬ ಅಂತರರಾಷ್ಟ್ರೀಯ ಮಾನದಂಡ ಬಂದಿದೆ.

ನಮ್ಮಲ್ಲೂ ಮುಚ್ಚಳ ಇನ್ನಷ್ಟು ಅಗಲವಾಗಿ, ಗೀರುಗಳಿಂದ ಕೂಡಿರಲಿ. ಹರಿಯುವ ತುದಿ ಪೂರ್ತಿ ಬೆರಳಿಗೆ ಸಿಗುವಷ್ಟು ದೊಡ್ಡದಾಗಿರಲಿ. ಎಲ್ಲಿ ತೆರೆಯಬೇಕೆಂಬ ಗುರುತು ಎದ್ದುಕಾಣುವ ಬಣ್ಣದಲ್ಲಿ, ದಪ್ಪ ಕನ್ನಡ ಅಕ್ಷರದಲ್ಲಿ ಇರಲಿ. ಹೊಸ ಪ್ಯಾಕನ್ನು ಮಾರುಕಟ್ಟೆಗೆ ಬಿಡುವ ಮೊದಲು ಎಪ್ಪತ್ತರ ಹತ್ತು ಮಂದಿಯ ಕೈಗೆ ಕೊಟ್ಟು ನೋಡಲಿ.

ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಈ ಭಾನುವಾರ ನಿಮ್ಮ ಮನೆಯ ಹಿರಿಯರ ಕೈಗೆ ಒಂದು ಪ್ಯಾಕ್, ಒಂದು ಮಾತ್ರೆ ಹಾಳೆ, ಒಂದು ನೀರಿನ ಬಾಟಲಿ ಕೊಡಿ. ಸಹಾಯ ಮಾಡಲು ಮುಂದಾಗದೆ ಐದು ನಿಮಿಷ ಸುಮ್ಮನೆ ಕುಳಿತು ನೋಡಿ. ಯಾವುದನ್ನು ತೆರೆಯಲಾಗಲಿಲ್ಲವೋ ಅದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ಮುಂದಿನ ಸಲ ನಿಮ್ಮ ವೈದ್ಯರಿಗೆ ತೋರಿಸಿ.