ನೀರ್ಗಲ್ಲಿಗೊಂದು ಬೈರಿಗೆ

ಬಡಗಿಯ ಚೀಲದಲ್ಲಿನ ಬೈರಿಗೆಯನ್ನಷ್ಟೇ ಬಲ್ಲ ನಮಗೆ, ಎದೆಮಟ್ಟದ ಬೈರಿಗೆಯೊಂದನ್ನು ಹೆಗಲಿಗೇರಿಸಿ ಸರೋವರದ ನಡುವಿಗೆ ನಡೆದುಹೋಗುವ ಮನುಷ್ಯನನ್ನು ಕಲ್ಪಿಸಿಕೊಳ್ಳುವುದು ಕಷ್ಟವೇ ಸರಿ. 2025ರ ಜನವರಿಯಲ್ಲಿ ಅಮೆರಿಕದ ಮಿನ್ನೆಸೋಟ ಸಂಸ್ಥಾನದಲ್ಲಿರುವ ಅಕ್ಕನ ಮನೆಗೆ ಹೋಗಿದ್ದಾಗ, ಭಾವನವರ ಹಿಂದೆ ಅಂಜುತ್ತಂಜುತ್ತ ನಾನೂ ಹಾಗೆ ನೀರಿನ ಮೇಲೆ ನಡೆದೆನು. ಮಿಲ್ ಲ್ಯಾಕ್ಸ್ ಎಂಬ ಆ ಸರೋವರದ ಹರವು ಸುಮಾರು 200 ಚದರ ಮೈಲಿ. ಚಳಿಗಾಲದಲ್ಲಿ ಅದರ ಮೇಲೆ ಗುಡಿಸಲುಗಳೇಳುತ್ತವೆ, ಮೋಟಾರುಗಳು ಓಡಾಡುತ್ತವೆ; ಹಿಮವನ್ನು ಕೊರೆದು, ಕಂಡಿಯಲ್ಲಿ ಗಾಳವಿಳಿಸಿ ಜನರು ದಿನವಿಡೀ ಕುಳಿತಿರುತ್ತಾರೆ.

ನಾನು ಹೋದ ವೇಳೆಗೆ ಮನೆಯಲ್ಲೊಂದು ವ್ಯಾಜ್ಯ ನಡೆದಿತ್ತು. ಅರವತ್ತು ದಾಟಿದ ಭಾವನವರಿಗೆ ಹೃದಯದ ನಾಳದಲ್ಲಿ ಸ್ಟೆಂಟ್ ಇರಿಸಿ ಎರಡು ವರ್ಷಗಳಾಗಿದ್ದುವು. ಚಳಿಗೆ ರಕ್ತನಾಳಗಳು ಸಂಕೋಚಗೊಳ್ಳುತ್ತವೆ. ಆ ಹೊತ್ತಿನಲ್ಲಿಯೇ ತೋಳುಗಳಿಗೆ ಬಿರುಸಾದ ದುಡಿಮೆ ಬಿದ್ದರೆ ಗುಂಡಿಗೆಗೆ ಅಪಾಯವೆಂದು ವೈದ್ಯರು ಎಚ್ಚರಿಸಿದ್ದರು. ಮಗಳು ಬ್ಯಾಟರಿಯ ಬೈರಿಗೆಯೊಂದನ್ನು ತಂದುಕೊಟ್ಟು, 'ಇದನ್ನು ಒಯ್ಯಿರಿ, ಇಲ್ಲವೇ ಮನೆಯಲ್ಲಿರಿ' ಎಂದಿದ್ದಳು. ಭಾವನವರಾದರೋ ಇಪ್ಪತ್ತು ವರ್ಷ ಬಳಸಿದ ಕೈಬೈರಿಗೆಯನ್ನು ಬಿಡಲೊಲ್ಲರು. ತೀರ್ಪು ಹೇಳುವ ಭಾರ, ಮೀನಿನ ಬಾಲವನ್ನೂ ಮುಟ್ಟಿ ಅರಿಯದ ಕನ್ನಡ ಅಧ್ಯಾಪಕನ ಮೇಲೆ ಬಿತ್ತು!

ಹಿಮದ ಮೇಲೆ ಮೊದಲು ಹೊರಬಂದುದು ಬೈರಿಗೆಯಲ್ಲ, ಉದ್ದನೆಯ ಉಳಿ. ಹೆಜ್ಜೆಗೊಮ್ಮೆ ಅದನ್ನು ಕುಟ್ಟಿ ನೋಡಿಯೇ ಭಾವನವರು ಮುಂದುವರಿದರು. ಒಬ್ಬ ಮನುಷ್ಯ ನಡೆಯಲು ನಾಲ್ಕಂಗುಲ ದಪ್ಪದ ತಿಳಿಹಿಮ ಬೇಕೆಂದು ಅಲ್ಲಿಯ ಸರಕಾರದ ಸೂಚನೆ. ಹಿಮವು ಮಂಜು ಬೆರೆತು ಬೆಳ್ಳಗಿದ್ದರೆ ಅದರ ಇಮ್ಮಡಿ ಬೇಕು. ಎಷ್ಟೇ ದಪ್ಪವಿದ್ದರೂ ಅದನ್ನು ಪೂರ್ತಿ ನಂಬುವಂತಿಲ್ಲ. 2023ರ ಡಿಸೆಂಬರ್ 29ರಂದು ಅದೇ ಸಂಸ್ಥಾನದ ಅಪ್ಪರ್ ರೆಡ್ ಸರೋವರದಲ್ಲಿ ಹಿಮದ ಹಾಳೆಯೊಂದು ದಡದಿಂದ ಬೇರ್ಪಟ್ಟು, ನೂರಕ್ಕೂ ಮಿಕ್ಕಿದ ಜನರನ್ನು ರಕ್ಷಿಸಿ ತರಬೇಕಾಗಿತ್ತು.

'ಕೈಯಿಂದ ಕೊರೆದರೆ ಹಿಮ ತನ್ನ ಸಂಗತಿಯನ್ನು ತಾನೇ ಹೇಳುತ್ತದೆ' ಎಂದರು ಭಾವನವರು. ಅವರಿಂದ ಕಸಿದುಕೊಂಡು ಮೊದಲ ಕಂಡಿಯನ್ನು ನಾನೇ ಕೊರೆದೆನು. ಒಂದು ಕೈ ಮೇಲಿನ ಗುಬುಟಿನ ಮೇಲೆ, ಇನ್ನೊಂದು ತಿರುಗುಹಿಡಿಯ ಮೇಲೆ. ಒತ್ತಬೇಕಾದುದಿಲ್ಲ, ಅಲಗು ಹರಿತವಾಗಿದ್ದರೆ ತಾನಾಗಿ ಕಚ್ಚಿ ಇಳಿಯುತ್ತದೆ. ಬೆಳ್ಳನೆಯ ಪದರದಲ್ಲಿ ಮೆತ್ತಗೆ, ತಿಳಿಹಿಮದಲ್ಲಿ ಗಡುಸಾಗಿ ಇಳಿಯುವ ಭೇದ ನನ್ನಂಥ ಹೊಸಬನ ಅಂಗೈಗೂ ತಿಳಿಯಿತು. ಹದಿನಾಲ್ಕಂಗುಲ ಇಳಿದಮೇಲೆ ಬೈರಿಗೆ ಒಮ್ಮೆಲೆ ಹಗುರವಾಯಿತು. ಕಂಡಿಯಲ್ಲಿ ನೀರು ಉಕ್ಕಿ, ಮೇಲ್ಮೈಗೆ ಅಂಗುಲವೊಂದರಷ್ಟು ಕೆಳಗೆ ನಿಂತಿತು. ಕನ್ನಡದಲ್ಲಿ ಚಳಿಯೂ ಕೊರೆಯುತ್ತದೆ, ಬೈರಿಗೆಯೂ ಕೊರೆಯುತ್ತದೆ. ಎರಡನ್ನೂ ಒಟ್ಟಿಗೆ ಅನುಭವಿಸಿದ ಮೇಲೆ ಆ ಕ್ರಿಯಾಪದದ ಮೇಲೆ ನನಗೆ ಹೊಸ ಗೌರವ ಹುಟ್ಟಿದೆ.

ಅದು ಆರಂಗುಲದ ಬೈರಿಗೆ. ಯಂತ್ರದ್ದು ಎಂಟಂಗುಲದ್ದು. ಎರಡೇ ಅಂಗುಲದ ಅಂತರವೆಂದು ಬಗೆಯುವವರು ಲೆಕ್ಕ ತಪ್ಪುತ್ತಾರೆ. ಕೊರೆದು ತೆಗೆಯಬೇಕಾದ ಹಿಮವು ವ್ಯಾಸದ ವರ್ಗದಂತೆ ಬೆಳೆಯುತ್ತದೆ. ಮೂವತ್ತಾರಕ್ಕೆ ಅರುವತ್ತನಾಲ್ಕು, ಅಂದರೆ ಹೆಚ್ಚುಕಡಿಮೆ ಒಂದೂ ಮುಕ್ಕಾಲು ಪಾಲು. ಕೈಬೈರಿಗೆಯನ್ನು ನೆಚ್ಚುವವನು ಕಿರಿದಾದುದನ್ನೇ ಆರಿಸುವುದು ಜಾಣತನ. ಚಳಿಗಾಲ ಬಲಿತು ಹಿಮ ಎರಡಡಿ ಮೀರಿದರೆ ಕೈಯ ಹಟ ನಡೆಯದು.

ಬ್ಯಾಟರಿಯ ಬೈರಿಗೆ ಅದೇ ಕೆಲಸವನ್ನು ಕೆಲವೇ ಕ್ಷಣಗಳಲ್ಲಿ ಮುಗಿಸಿತು. ಪೆಟ್ರೋಲಿನ ಹಳೆಯ ಯಂತ್ರಗಳ ಭಾರ, ಗದ್ದಲ, ಮುಚ್ಚಿದ ಡೇರೆಯಲ್ಲಿ ತುಂಬುವ ವಿಷಾನಿಲ, ಇವೊಂದೂ ಇದಕ್ಕಿಲ್ಲ. ಅಲಗು ಹಿಮದಲ್ಲಿ ಸಿಕ್ಕಿಕೊಂಡರೆ ಹಿಡಿಯೇ ತಿರುಗಿ ಮಣಿಕಟ್ಟನ್ನು ತಿರುಚೀತೆಂಬ ಭಯವುಂಟು. ಚಳಿಗೆ ಬ್ಯಾಟರಿಯ ಕಸುವು ಕುಂದುವುದರಿಂದ ಅದನ್ನು ಕೂಸಿನಂತೆ ಕೋಟಿನೊಳಗೆ ಬೆಚ್ಚಗಿಡಬೇಕು. ನಾನು ಯಂತ್ರದ ಪರವಾಗಿಯೇ ತೀರ್ಪು ಕೊಟ್ಟೆನು.

ತೀರ್ಪಿನ ದೋಷ ಸಂಜೆಯ ಹೊತ್ತಿಗೆ ಕಾಣಿಸಿತು. ಕೈಬೈರಿಗೆಯ ಕಾಲದಲ್ಲಿ ಭಾವನವರು ಎರಡು ಕಂಡಿ ಕೊರೆದು, ದಣಿದು, ಮೀನು ಬರಲಿ ಬಿಡಲಿ ಅಲ್ಲಿಯೇ ಕೂರುತ್ತಿದ್ದರಂತೆ. ಈಗ ಒಂದು ಕಂಡಿಯಲ್ಲಿ ಮೀನಿಲ್ಲವೆನ್ನಿಸಿದೊಡನೆ ನೂರು ಹೆಜ್ಜೆ ಆಚೆ ಇನ್ನೊಂದು, ಅದರಾಚೆ ಮತ್ತೊಂದು! ಯಂತ್ರವನ್ನೂ ಗಾಳವನ್ನೂ ಆಸನವನ್ನೂ ಎಳೆದುಕೊಂಡು ಮಂಜಿನಲ್ಲಿ ಅವರು ನಡೆದ ದೂರವನ್ನು ಅಳೆದಿದ್ದರೆ ವೈದ್ಯರು ಬೆಚ್ಚುತ್ತಿದ್ದರು. ಹದಿನೇಳನೆಯ ಕಂಡಿಯ ಬಳಿ ಅವರು ಎದೆಯ ಮೇಲೆ ಕೈಯಿಟ್ಟು ನಿಂತಾಗ ನನ್ನ ಜೀವ ಹಾರಿತು. ಅವರು ಹುಡುಕುತ್ತಿದ್ದುದು ಒಳಜೇಬಿನ ಎರಡನೆಯ ಬ್ಯಾಟರಿಯನ್ನು.

ರಾತ್ರಿ ಅಕ್ಕನಿಗೆ ಇದನ್ನೆಲ್ಲ ಹೇಳಿದೆನು. ಅವಳು ಏನೂ ಆಡಲಿಲ್ಲ. ಮುಂದಿನ ಶನಿವಾರ ನಸುಕಿನಲ್ಲಿ ಭಾವನವರು ಯಂತ್ರವನ್ನು ವಾಹನದಲ್ಲಿರಿಸಿ, ಎರಡನೆಯ ಬ್ಯಾಟರಿಗಾಗಿ ಮನೆಯೆಲ್ಲ ತಡಕಿ, ಗೊಣಗುತ್ತ ಒಂದರೊಡನೆಯೇ ಹೊರಟರು. ಅದು ಅಡುಗೆಮನೆಯ ಅಕ್ಕಿಯ ಡಬ್ಬಿಯಲ್ಲಿತ್ತು.