ಹೂಂಗುಟ್ಟುವವರಿಲ್ಲದ ಕಥೆ: ‘ಅಟೋನ್‌ಮೆಂಟ್’ ಕಾದಂಬರಿಯ ಒಂದು ಜಾನಪದೀಯ ಓದು

ಇಂಗ್ಲೆಂಡಿನ ಲೇಖಕ ಇಯಾನ್ ಮೆಕ್‌ಯೂವನ್ ಅವರ ‘ಅಟೋನ್‌ಮೆಂಟ್’ (2001) ಒಂದು ಸುಳ್ಳು ಸಾಕ್ಷ್ಯದ ಸುತ್ತ ಹೆಣೆದ ಕಾದಂಬರಿ. ಹೆಸರಿನ ಅರ್ಥವೇ ಪ್ರಾಯಶ್ಚಿತ್ತ. 1935ರ ಬೇಸಗೆಯ ಒಂದು ರಾತ್ರಿ ಸಂಬಂಧಿ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರ ನಡೆಯುತ್ತದೆ. ಕಥೆ ಬರೆಯುವ ಹುಚ್ಚಿನ ಹದಿಮೂರರ ಬಾಲಕಿ ಬ್ರಯೊನಿ, ಕತ್ತಲಲ್ಲಿ ಮುಖ ಕಾಣದಿದ್ದರೂ, ಅಕ್ಕ ಸಿಸಿಲಿಯಾಳ ಪ್ರಿಯಕರ ರಾಬಿಯೇ ಅಪರಾಧಿಯೆಂದು ಸಾಕ್ಷಿ ನುಡಿಯುತ್ತಾಳೆ. ಅವಳ ಮನಸ್ಸಿನಲ್ಲಿ ಕಥೆಯೊಂದು ಆಗಲೇ ಸಿದ್ಧವಾಗಿತ್ತು, ಖಳನೊಬ್ಬ ಬೇಕಾಗಿತ್ತು. ರಾಬಿ ಮೊದಲು ಸೆರೆಮನೆಗೆ, ಅನಂತರ ಯುದ್ಧಕ್ಕೆ ಹೋಗಬೇಕಾಗುತ್ತದೆ.

ಮುಂದೆ ಪ್ರೇಮಿಗಳು ಒಂದಾದುದನ್ನೂ ಬ್ರಯೊನಿ ಅವರೆದುರು ತಪ್ಪೊಪ್ಪಿಕೊಂಡುದನ್ನೂ ನಾವು ಓದುತ್ತೇವೆ. ಆದರೆ 1999ರಲ್ಲಿ ನಡೆಯುವ ಕೊನೆಯ ಭಾಗ ಇದನ್ನು ಅಳಿಸಿಹಾಕುತ್ತದೆ. ಇಬ್ಬರೂ 1940ರಲ್ಲೇ ತೀರಿಕೊಂಡಿದ್ದರು. ಆ ಸಮಾಗಮ ಎಪ್ಪತ್ತೇಳರ ಲೇಖಕಿ ಬ್ರಯೊನಿಯ ಕಲ್ಪನೆ.

ಇದನ್ನು ಕೆಲವರು ಕರುಣೆಯೆಂದಾರು, ಕೆಲವರು ವಂಚನೆಯೆಂದಾರು. ಜಾನಪದದ ವಿದ್ಯಾರ್ಥಿಗೆ ಏಳುವ ಪ್ರಶ್ನೆ ಬೇರೆ: ಈ ಕಥೆಗೆ ಹೂಂಗುಟ್ಟುವವರು ಯಾರು? ಮೌಖಿಕ ಪರಂಪರೆಯಲ್ಲಿ ಕಥನವು ಹೇಳುವವರೊಬ್ಬರ ಸೊತ್ತಲ್ಲ. ಎದುರಿಗೆ ಕುಳಿತವರು ತಡೆಯಬಲ್ಲರು, ತಿದ್ದಬಲ್ಲರು. ಬ್ರಯೊನಿಯನ್ನು ತಿದ್ದಬೇಕಾದವರು, ಕ್ಷಮಿಸಬೇಕಾದವರು ಸತ್ತಿದ್ದಾರೆ.

ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಜನಪದ ಕಥೆಯೊಂದು ಇಲ್ಲಿ ಸ್ಮರಣೀಯ. ಕಥೆಯೊಂದನ್ನೂ ಹಾಡೊಂದನ್ನೂ ಬಲ್ಲ ಗೃಹಿಣಿ ಅವನ್ನು ಯಾರಿಗೂ ಹೇಳುವುದಿಲ್ಲ. ಉಸಿರುಕಟ್ಟಿದ ಅವು ಹೊರಬಂದು ಪರಪುರುಷನ ಪಾದರಕ್ಷೆ ಮತ್ತು ಅಂಗಿಯ ರೂಪ ತಾಳಿ, ಗಂಡ ಹೆಂಡಿರ ನಡುವೆ ಜಗಳ ಹುಟ್ಟಿಸುತ್ತವೆ. ಗಂಡನು ನಿಜವನ್ನು ದೀಪಗಳ ಮಾತಿನಿಂದ ಅರಿತು ಬಂದು ಕೇಳುವ ವೇಳೆಗೆ ಅವಳು ಎರಡನ್ನೂ ಮರೆತಿರುತ್ತಾಳೆ. ಬ್ರಯೊನಿಗೂ ನೆನಪು ಅಳಿಯುವ ಕಾಯಿಲೆ ತಗುಲಿದೆ ಎಂಬುದು ಗಮನಾರ್ಹ. ಆದರೆ ಗೃಹಿಣಿಯ ತಪ್ಪು ಹೇಳದಿರುವುದು. ಬ್ರಯೊನಿಯದು ಇನ್ನೊಬ್ಬರ ಬಾಳನ್ನು ತನ್ನಿಚ್ಛೆಯಂತೆ ಹೇಳಿದ್ದು. ಸುಖಾಂತ್ಯ ಕಟ್ಟುವಾಗಲೂ ಅವಳು ಮಾಡುವುದು ಅದನ್ನೇ.

ಆದ್ದರಿಂದ ಈ ಕಾದಂಬರಿಯಲ್ಲಿ ಪ್ರಾಯಶ್ಚಿತ್ತಕ್ಕೆ ಸಮೀಪವಾದುದು ಪ್ರೇಮಿಗಳ ಪುನರ್ಮಿಲನವಲ್ಲ, ಅದು ನಡೆಯಲೇ ಇಲ್ಲವೆಂಬ ಒಪ್ಪಿಗೆ. ಅಲ್ಲಿ ಮಾತ್ರ ಕಥೆಗಾರ್ತಿ ತನ್ನ ಅಧಿಕಾರವನ್ನು ಬಿಟ್ಟುಕೊಟ್ಟು ಓದುಗರನ್ನು ಸಾಕ್ಷಿಗಳನ್ನಾಗಿಸುತ್ತಾಳೆ. ಕ್ಷಮೆ ನೀಡುವ ಹಕ್ಕು ಓದುಗರಿಗೂ ಇಲ್ಲ. ಹೂಂಗುಟ್ಟುವ ಹೊಣೆ ಮಾತ್ರ ಉಂಟು. ತೀರಿಹೋದವರ ಮಾತನ್ನು ಬರಹಕ್ಕಿಳಿಸುವ ಸಂಗ್ರಾಹಕರಿಗೂ ಈ ಎಚ್ಚರ ಸಲ್ಲುತ್ತದೆ: ತಿದ್ದುವವರಿಲ್ಲದ ಕಡೆ, ತಾವು ಸೇರಿಸಿದ್ದು ಯಾವುದೆಂದು ತಾವೇ ಹೇಳಬೇಕು.