ರಜೆಗೆ ಬರುವ ಮಕ್ಕಳಿಗೆ ವಿಶ್ರಾಂತಿ ಎಲ್ಲಿ?

ಪರದೇಶದಲ್ಲಿ ದುಡಿಯುವ ಮಕ್ಕಳು ಬೇಸಿಗೆ ರಜೆಗೆ ಊರಿಗೆ ಬರುತ್ತಾರೆಂದರೆ ನಮ್ಮ ಮನೆಗಳಲ್ಲಿ ಹಬ್ಬದ ಸಡಗರ. ತಿಂಗಳು ಮೊದಲೇ ಶೇಂಗಾ ಹುರಿದು ಚಟ್ನಿಪುಡಿ ಮಾಡಿಡುತ್ತೇವೆ, ಹಾಸಿಗೆ ಬಿಸಿಲಿಗೆ ಹಾಕುತ್ತೇವೆ, ಬೀಗರಿಗೆ ಸುದ್ದಿ ಮುಟ್ಟಿಸುತ್ತೇವೆ. ಆದರೆ ಬಂದ ಮಕ್ಕಳು ಹಿಂದಿರುಗುವಾಗ, ಬರುವಾಗ ಇದ್ದುದಕ್ಕಿಂತ ಹೆಚ್ಚು ದಣಿದಿರುತ್ತಾರೆ ಎಂಬುದು ನಮ್ಮ ಗಮನಕ್ಕೆ ಬರುವುದೇ ಇಲ್ಲ. ನಮಗೂ ಬಂದಿರಲಿಲ್ಲ. ಬಂದಾಗ ಹೊತ್ತು ಮೀರಿತ್ತು. ನಮ್ಮ ತಪ್ಪನ್ನು ಮುಚ್ಚಿಡದೆ ಸಮಾಜ ಬಾಂಧವರ ಮುಂದೆ ಇಟ್ಟರೆ ಬೇರೊಂದು ಮನೆಗಾದರೂ ಉಪಯೋಗವಾದೀತೆಂದು ಈ ನಾಲ್ಕು ಮಾತು ಬರೆಯುತ್ತಿದ್ದೇವೆ.

ನಮ್ಮದು ಜತ್ತದಲ್ಲಿ ಕಿರಾಣಿ ಮತ್ತು ಭುಸಾರ ವ್ಯಾಪಾರ. ಹಿರಿಯ ಮಗ ಒಮಾನ ದೇಶದ ಮಸ್ಕತದಲ್ಲಿ ಕಟ್ಟಡ ಸಾಮಾನಿನ ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡುತ್ತಾನೆ. ಜೊತೆಗೆ ಸೊಸೆ, ಒಬ್ಬ ಮೊಮ್ಮಗ, ಒಬ್ಬ ಮೊಮ್ಮಗಳು. ಅಲ್ಲಿನ ಭಾರತೀಯ ಶಾಲೆಗಳಿಗೆ ಜೂನದಲ್ಲಿ ರಜೆ ಸಿಗುತ್ತದೆ, ಆಗಸ್ಟದ ಹೊತ್ತಿಗೆ ಶಾಲೆ ತೆರೆಯುತ್ತದೆ. ಮಗನಿಗೆ ವರ್ಷಕ್ಕೆ ಸಿಗುವ ರಜೆ 30 ದಿನ.

2022ರ ಕೀರ್ದಿ

ಕೊರೋನಾದಿಂದಾಗಿ 2020 ಮತ್ತು 2021ರಲ್ಲಿ ಅವರು ಬರಲಾಗಿರಲಿಲ್ಲ. ಹಾಗಾಗಿ 2022ರ ಜೂನದಲ್ಲಿ ಬಂದಾಗ ಮೂರು ವರ್ಷದ ಬಾಕಿಯನ್ನೆಲ್ಲ ಒಮ್ಮೆಗೇ ವಸೂಲಿ ಮಾಡಲು ನಿಂತವರಂತೆ ನಾವು ಯಾದಿ ಮಾಡಿದ್ದೆವು. ವ್ಯಾಪಾರಸ್ಥರ ಬುದ್ಧಿ, ಕಾಗದದ ಮೇಲೆ ಬರೆದಿಡದಿದ್ದರೆ ಸಮಾಧಾನವಿಲ್ಲ. ಆ ಕಾಗದ ಇಂದಿಗೂ ನಮ್ಮ ಹತ್ತಿರ ಇದೆ. ಭೆಟ್ಟಿ ಕೊಡಬೇಕಾದ ಮನೆಗಳು 29. ಕುಂಭೋಜ ಬಾಹುಬಲಿ, ಕುಂಥಲಗಿರಿ, ಶ್ರವಣಬೆಳಗೊಳ ಈ ಮೂರು ಕ್ಷೇತ್ರಗಳ ಯಾತ್ರೆ. ಬ್ಯಾಂಕಿನ ಕೆಲಸ, ಆಧಾರ ಕಾರ್ಡಿನ ಕೆಲಸ, ಹೊಲದ ಸಾತ್‌ಬಾರಾ ಉತಾರೆಯಲ್ಲಿ ಹೆಸರು ಸೇರಿಸುವ ಕೆಲಸ, ಮಗನ ಎರಡು ಹಲ್ಲು. ಕೊನೆಯ ಸಾಲಿನಲ್ಲಿ ಹೀಗಿದೆ: “ಸೊಸೆಯ ತವರು, ಅಕ್ಕಲಕೋಟೆ, 3 ದಿನ.”

ಮುಂಬೈಯಿಂದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ಸಿನಲ್ಲಿ ಮಿರಜಕ್ಕೆ ಬಂದು, ಅಲ್ಲಿಂದ ಜೀಪಿನಲ್ಲಿ ಮನೆ ಮುಟ್ಟಿದ ಮರುದಿನವೇ ತಿರುಗಾಟ ಸುರುವಾಯಿತು. ಒಂದೊಂದು ಮನೆಯಲ್ಲೂ ಚಹಾ, ಅವಲಕ್ಕಿ, ಉಂಡಿ. ಬೇಡವೆಂದರೆ ಅವರಿಗೆ ಬೇಸರ. ಒಂದು ಮನೆಗೆ ಹೋಗಿ ಇನ್ನೊಂದು ಮನೆ ಬಿಟ್ಟರೆ ಅದು ಮಾತಾಗುತ್ತದೆ. ಮೊಮ್ಮಗಳಿಗೆ ಎರಡನೆಯ ವಾರ ಜ್ವರ ಬಂತು. ಆದರೂ ಯಾದಿ ನಿಲ್ಲಲಿಲ್ಲ. ಮೊಮ್ಮಗ ಆಡಲು ಜೊತೆ ಹುಡುಕಿದರೆ ಇಲ್ಲಿಯ ಹುಡುಗರಿಗೆ ಶಾಲೆ. ನಮ್ಮ ಕಡೆ ರಜೆ ಏಪ್ರಿಲ್‌ದಿಂದ ಜೂನ್ ನಡುವಿನವರೆಗೆ. ಅಲ್ಲಿಯ ರಜೆ ಸುರುವಾಗಿ ಅವರು ಊರಿಗೆ ಬರುವ ಹೊತ್ತಿಗೆ ಇಲ್ಲಿ ಪಾಟಿಚೀಲ ಹೆಗಲಿಗೇರಿರುತ್ತದೆ.

ಹೊರಡುವ ದಿನ ಮಗ ಸೂಟ್‌ಕೇಸಿನ ಮೇಲೆ ಕುಳಿತು ನಗುತ್ತ ಅಂದ: “ಅಪ್ಪಾ, ರಜಾ ಮುಗೀತು. ಇನ್ನ ಮಸ್ಕತಕ್ಕ ಹೋಗಿ ದಣಿವಾರಿಸ್ಕೋಬೇಕು.” ನಾವೂ ನಕ್ಕೆವು. ಚೇಷ್ಟೆಯೆಂದು ತಿಳಿದೆವು.

ಅದೇ ಡಿಸೆಂಬರಿನಲ್ಲಿ ಸೊಸೆಯ ತಾಯಿ ಹೃದಯಾಘಾತದಿಂದ ತೀರಿಕೊಂಡರು. ವಿಮಾನ ಹಿಡಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೂರು ವರ್ಷದ ಮೇಲೆ ಬಂದ ಮಗಳು ತಾಯಿಯ ಹತ್ತಿರ ಕಳೆದದ್ದು ಮೂರು ದಿನ, ಅದರಲ್ಲಿ ಒಂದು ದಿನ ಸೊಲ್ಲಾಪುರದ ನೆಂಟರ ಮನೆಗಳಿಗೆ ಹೋಯಿತು. ಸೊಸೆ ನಮಗೆ ಒಂದು ಮಾತೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ನಮಗೆ ಭಾರವಾಯಿತು.

“ನೀವ ಬರ್ರಿ”

2023ರ ಮೇ ತಿಂಗಳಲ್ಲಿ ಮಗನ ಫೋನು ಬಂತು. “ಅಪ್ಪಾ, ಈ ವರ್ಷ ನಾವ್ ಬರಂಗಿಲ್ಲ. ನೀವ ಬರ್ರಿ.” ನಮ್ಮ ಮನೆಯವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮಗ ದೂರವಾದ, ಸೊಸೆ ಹೇಳಿಕೊಟ್ಟಿರಬೇಕು ಎಂದು ಮನಸ್ಸಿನಲ್ಲಿ ಬಂದದ್ದು ಸುಳ್ಳಲ್ಲ. ಆದರೂ ಅಂಗಡಿಯನ್ನು ಕಿರಿಯ ಮಗನಿಗೆ ಒಪ್ಪಿಸಿ ಜುಲೈದಲ್ಲಿ ಹೊರಟೆವು.

ಅಲ್ಲಿ ಕಾಲಿಟ್ಟ ಮೇಲೆ ನಮ್ಮ ಮಕ್ಕಳು ಯಾವುದರಿಂದ ವಿಶ್ರಾಂತಿ ಬೇಡುತ್ತಾರೆಂಬುದು ತಿಳಿಯಿತು. ಜತ್ತವೂ ಬರಗಾಲದ ಸೀಮೆ, ಬಿಸಿಲು ನಮಗೆ ಹೊಸದಲ್ಲ. ಆದರೆ ನಮ್ಮ ಬಿಸಿಲು ರಾತ್ರಿ ಇಳಿಯುತ್ತದೆ. ಮಸ್ಕತದ ಸುತ್ತ ಬೋಳು ಕಲ್ಲುಗುಡ್ಡ. ಹಗಲೆಲ್ಲ ಕಾದ ಕಲ್ಲು ರಾತ್ರಿಯೂ ಕಾವು ಬಿಡುತ್ತದೆ, ಅದರ ಮೇಲೆ ಸಮುದ್ರದ ಬೆವರು. ಮಸ್ಕತಕ್ಕೆ ಹತ್ತಿರದ ಕುರಿಯಾತ್ ಊರಿನಲ್ಲಿ 2018ರ ಜೂನ್ 26ರಂದು ಇಡೀ ಹಗಲು ರಾತ್ರಿಯಲ್ಲಿ ಉಷ್ಣಾಂಶ 42.6 ಡಿಗ್ರಿಗಿಂತ ಕೆಳಗೆ ಇಳಿಯಲೇ ಇಲ್ಲ. ತಣ್ಣೀರಿನ ನಲ್ಲಿ ತಿರುವಿದರೆ ಮಾಳಿಗೆಯ ಟಾಕಿಯಿಂದ ಸುಡು ನೀರು ಬರುತ್ತದೆ. ಜೂನ್, ಜುಲೈ, ಆಗಸ್ಟ್ ಈ ಮೂರು ತಿಂಗಳು ಮಧ್ಯಾಹ್ನ 12:30ರಿಂದ 3:30ರವರೆಗೆ ಬಯಲಿನಲ್ಲಿ ಕೂಲಿಯವರಿಂದ ಕೆಲಸ ಮಾಡಿಸಬಾರದೆಂದು ಅಲ್ಲಿ ಸರಕಾರದ ಕಾಯದೆಯೇ ಇದೆ.

ಮಕ್ಕಳು ದಿನವಿಡೀ ಕಿಟಕಿ ಮುಚ್ಚಿದ ಎರಡು ಕೋಣೆಗಳಲ್ಲಿ ಏ.ಸಿ. ಕೆಳಗೆ. ಮಗ ಬೆಳಿಗ್ಗೆ ಹೋಗಿ ಮಧ್ಯಾಹ್ನ ಒಂದು ಗಂಟೆಗೆ ಬಂದು, ನಾಲ್ಕಕ್ಕೆ ಮತ್ತೆ ಹೋಗಿ ಎಂಟಕ್ಕೆ ಬರುತ್ತಾನೆ. ಹೊತ್ತು ಮುಳುಗುವ ಮುಂಚಿನ ಊಟಕ್ಕೆ ಡಬ್ಬಿ ಒಯ್ಯುತ್ತಾನೆ. ಹೀಗೆ ಹನ್ನೊಂದು ತಿಂಗಳು ಕಳೆದವರಿಗೆ ಸಿಗುವುದು ಒಂದು ತಿಂಗಳು. ಆ ತಿಂಗಳಲ್ಲಿ ನಾವು ಅವರನ್ನು 29 ಮನೆಗಳಲ್ಲಿ ತಿರುಗಿಸಿದ್ದೆವು.

ಸಲಾಲಾದಲ್ಲಿ ಐದು ದಿನ

ಒಂದು ಸಂಜೆ ಮಗ ಅಂದ: “ಖರೀಫ್ ನೋಡಾಕ ಹೋಗೂಣು.” ಭುಸಾರ ವ್ಯಾಪಾರಿಗೆ ಖರೀಫ್ ಎಂದರೆ ಸಜ್ಜೆ, ತೊಗರಿ, ಹೆಸರು. ಅಲ್ಲಿ ಕೇಳಿ ಅಚ್ಚರಿಯಾಯಿತು. ಆ ಶಬ್ದ ಅರಬರದೇ. ಒಮಾನದ ದಕ್ಷಿಣ ತುದಿಯ ಧೋಫಾರ ಸೀಮೆಯಲ್ಲಿ ಜೂನ್ 21ರಿಂದ ಸೆಪ್ಟೆಂಬರ್ 21ರವರೆಗಿನ ಮಳೆಗಾಲಕ್ಕೆ ಖರೀಫ್ ಎನ್ನುತ್ತಾರೆ. ನಮಗೆ ಮಳೆ ತರುವ ನೈಋತ್ಯ ಮಾರುತವೇ ಅಲ್ಲಿನ ಕರಾವಳಿಯ ಸಮುದ್ರದ ತಣ್ಣೀರಿನ ಮೇಲೆ ಹಾಯ್ದು ಬಂದು ಗುಡ್ಡಕ್ಕೆ ತಾಗಿ ಮಂಜಾಗಿ, ತುಂತುರಾಗಿ ಇಳಿಯುತ್ತದೆ. ಇಡೀ ಅರಬಸ್ಥಾನ ಕಾದ ಹಂಚಿನಂತಿರುವಾಗ ಸಲಾಲಾ ಪಟ್ಟಣದಲ್ಲಿ 25 ಡಿಗ್ರಿಯ ಆಸುಪಾಸು. ಗುಡ್ಡವೆಲ್ಲ ಹಸಿರು. ಕೊಲ್ಲಿಯ ಬೇರೆ ದೇಶಗಳಿಂದಲೂ ಜನ ಮಕ್ಕಳುಮರಿ ಕಟ್ಟಿಕೊಂಡು ಬರುತ್ತಾರೆ.

ಮಸ್ಕತದಿಂದ ಅದು ಸುಮಾರು 1,000 ಕಿಲೋಮೀಟರು, ಬಹುಪಾಲು ಮರುಭೂಮಿಯ ರಸ್ತೆ. ಅಲ್ಲಲ್ಲಿ ಒಂಟೆ ಅಡ್ಡ ಬರುತ್ತವೆ, ಗುಡ್ಡದ ಹತ್ತಿರ ಮಂಜು ಮುಸುಕಿ ಎದುರಿನ ಗಾಡಿ ಕಾಣುವುದಿಲ್ಲ. ಅದಕ್ಕೆ ವಿಮಾನದಲ್ಲಿ ಹೋದೆವು, ಒಂದೂವರೆ ತಾಸು. ಅಡಿಗೆಮನೆಯಿದ್ದ ಬಾಡಿಗೆ ಮನೆಯೊಂದನ್ನು ಮಗ ಮೊದಲೇ ಗೊತ್ತುಮಾಡಿದ್ದ. ನಮ್ಮ ಮನೆಯವರು ಕುಕ್ಕರು, ಹಿಟ್ಟು, ಬೇಳೆ, ಬೆಳ್ಳುಳ್ಳಿ ಹಾಕದ ಚಟ್ನಿಪುಡಿ ಒಯ್ದಿದ್ದರು. ಊಟದ ಚಿಂತೆ ಇರಲಿಲ್ಲ.

ಬಂದ ಮೊದಲ ದಿನವೇ ನಾವು ಹಳೆಯ ಚಾಳಿಯಂತೆ ಕಾಗದ ತೆಗೆದು, ನೋಡಬೇಕಾದ ಸ್ಥಳ ಯಾವುವು ಎಂದು ಕೇಳಿದೆವು. ಮೊಮ್ಮಗಳು ಪೆನ್ನು ಕಸಿದುಕೊಂಡು ಓಡಿದಳು. ಮಗ ಅಂದ: “ದಿನಕ್ಕ ಒಂದ ಜಾಗಾ ಅಪ್ಪಾ. ಅದೂ ಮನಸ್ಸಾದ್ರ.” ಹಾಗೆಯೇ ಆಯಿತು. ಒಂದು ದಿನ ವಾದಿ ದರ್ಬಾತದ ನೀರು ನೋಡಿದೆವು. ಒಂದು ದಿನ ಪೇಟೆಯಲ್ಲಿ ಅರಬರು ಲುಬಾನ್ ಎನ್ನುವ ಧೂಪದ ಅಂಟನ್ನು ನೋಡಿದೆವು. ಮರದ ತೊಗಟೆ ಕೆತ್ತಿದಾಗ ಹಾಲಿನಂತೆ ಒಸರಿ ಗಟ್ಟಿಯಾಗುವ ಈ ಮಾಲಿಗೆ ಬಣ್ಣ, ಪಾರದರ್ಶಕತೆ ನೋಡಿ ದರ ಕಟ್ಟುತ್ತಾರೆ. ತಿಳಿಯಾದ ಹೋಜರಿ ಮಾಲಿಗೆ ಎಲ್ಲಕ್ಕಿಂತ ಹೆಚ್ಚು ಬೆಲೆ. ಈ ಧೂಪದ ಸೀಮೆಯನ್ನು ಯುನೆಸ್ಕೋ 2000ದಲ್ಲಿ ವಿಶ್ವ ಪರಂಪರೆಯ ಯಾದಿಗೆ ಸೇರಿಸಿದೆ. ದಾರಿಯ ಬದಿಗೆ ಎಳನೀರು, ಬಾಳೆಹಣ್ಣು, ಪಪ್ಪಾಯಿಯ ಅಂಗಡಿಗಳ ಸಾಲು. ನಮ್ಮ ಕಾರವಾರ ಕಡೆಗೆ ಬಂದ ಹಾಗಾಯಿತು.

ಉಳಿದ ಮೂರು ದಿನ ಮನೆಯ ಪಡಸಾಲೆಯಲ್ಲಿ ಕುಳಿತೆವು. ತುಂತುರು ನೋಡಿದೆವು, ಸಾಮಾಯಿಕ ಮಾಡಿದೆವು, ಮಲಗಿದೆವು. ನಾಲ್ಕನೆಯ ದಿನ ಸೊಸೆ ನಮ್ಮ ಮನೆಯವರ ಪಕ್ಕದಲ್ಲಿ ಅವರೆಕಾಳು ಬಿಡಿಸುತ್ತ ಕುಳಿತವಳು ತಾನಾಗಿಯೇ ತಾಯಿಯ ಮಾತು ತೆಗೆದಳು. “ಅವ್ವ ಕಡೀ ದಿನ ನನಗ ಎಣ್ಣಿ ಹಚ್ಚತೇನಿ ಕೂಡು ಅಂದಿದ್ಲು ಅತ್ತಿ. ಗಾಡಿಗೆ ಹೊತ್ತಾತು ಅಂತ ನಾನ ಕೂಡಲಿಲ್ಲ.” ಅಷ್ಟು ಹೇಳಿ ಅತ್ತಳು. ತಾಯಿ ಹೋಗಿ ಏಳು ತಿಂಗಳಾಗಿತ್ತು, ನಮ್ಮೆದುರು ಅತ್ತಿದ್ದು ಅದೇ ಮೊದಲು. ಆ ದಿನ ಗಾಡಿಗೆ ಹೊತ್ತಾಯಿತೆಂದು ಅಕ್ಕಲಕೋಟೆಗೆ ಫೋನು ಮಾಡಿ ಅವಸರಪಡಿಸಿದವರು ನಾವೇ. ಅದನ್ನು ಅವಳಿಗೆ ಹೇಳಿದೆವು. “ತಪ್ಪಾತು ನಮ್ಮವ್ವಾ” ಎಂದೆವು. ಮನೆಯ ಯಜಮಾನ ಸೊಸೆಗೆ ಹಾಗೆ ಹೇಳುವ ರೂಢಿ ನಮ್ಮಲ್ಲಿಲ್ಲ. ಹೇಳಿದ ಮೇಲೆ ಮನಸ್ಸು ಹಗುರಾಯಿತು.

ಒಂದು ಕಡೆ ನಿಲ್ಲುವ ಪುಣ್ಯ

ಊರಿಗೆ ಮರಳುವ ಹೊತ್ತಿಗೆ ಚಾತುರ್ಮಾಸ ನಡೆದಿತ್ತು. ವರ್ಷವೆಲ್ಲ ಪಾದವಿಹಾರ ಮಾಡುವ ಮುನಿಗಳು ಆಷಾಢ ಶುಕ್ಲ ಚತುರ್ದಶಿಯಿಂದ ಒಂದೇ ಊರಲ್ಲಿ ನಿಲ್ಲುತ್ತಾರೆ. ಮಳೆಗಾಲದಲ್ಲಿ ಹುಟ್ಟುವ ಸೂಕ್ಷ್ಮ ಜೀವಿಗಳಿಗೆ ಹಿಂಸೆಯಾಗಬಾರದೆಂಬುದು ಕಾರಣ. ಆದರೆ ಹಾಗೆ ನಿಂತುದರಿಂದಲೇ ಸ್ವಾಧ್ಯಾಯಕ್ಕೆ, ಪ್ರವಚನಕ್ಕೆ ಹೊತ್ತು ಸಿಗುತ್ತದೆ. ಶ್ರಾವಕರಿಗೂ ದೇಶವ್ರತ ಹೇಳಿದೆ: ಇಷ್ಟು ದಿನ ಇಷ್ಟೇ ಎಲ್ಲೆಯೊಳಗೆ ಇರುತ್ತೇನೆ ಎಂಬ ನಿಯಮ. “ದೇಶ ಸುತ್ತು, ಕೋಶ ಓದು” ಎಂಬ ಗಾದೆ ನಿಜವೇ. ಆದರೆ ದೇಶ ಸುತ್ತಿ ದಣಿದವನಿಗೆ ನಿಲ್ಲಲು ಒಂದು ಮನೆ ಬೇಕು. ಆ ಮನೆ ನಮ್ಮದಲ್ಲದೆ ಮತ್ತೆ ಯಾರದು?

2024ರಲ್ಲಿ ಮಕ್ಕಳು ಊರಿಗೆ ಬಂದರು. ಈ ಸಲ ನಾವು ಹೀಗೆ ನಡೆದುಕೊಂಡೆವು. ಬೇಕೆನಿಸಿದವರು ತಮ್ಮ ಮನೆಯಲ್ಲೂ ಮಾಡಿ ನೋಡಬಹುದು.

ಮೊದಲನೆಯದು, ಸೊಸೆ ಮಕ್ಕಳೊಡನೆ ನೇರವಾಗಿ ತವರಿಗೆ ಹೋಗಿ ಹತ್ತು ದಿನ ತಂದೆಯ ಹತ್ತಿರ ಇದ್ದು, ಆಮೇಲೆ ನಮ್ಮಲ್ಲಿಗೆ ಬಂದಳು. ಎರಡನೆಯದು, ಮನೆಗೆ ಬಂದ ಮೊದಲ ಎಂಟು ದಿನ ಯಾವ ಭೆಟ್ಟಿಯೂ ಇಲ್ಲ. ಮೂರನೆಯದು, ಮನೆಮನೆಗೆ ಹೋಗುವ ಬದಲು ಒಂದು ರವಿವಾರ ಬಸದಿಯಲ್ಲಿ ಅಭಿಷೇಕ ಮಾಡಿಸಿ, ಎಲ್ಲ ನೆಂಟರನ್ನೂ ಅಲ್ಲಿಗೇ ಊಟಕ್ಕೆ ಕರೆದೆವು. ನಾಲ್ಕನೆಯದು, ಬ್ಯಾಂಕು, ತಲಾಠಿ ಕಚೇರಿಯ ಕಾಗದಗಳನ್ನು ಮೊದಲೇ ಸಿದ್ಧಮಾಡಿ, ಮಗನಿಗೆ ಸಹಿಯ ಕೆಲಸ ಮಾತ್ರ ಉಳಿಸಿದೆವು. ಐದನೆಯದು, ಅಲ್ಲಿಂದ ಯಾರಿಗೂ ಏನೂ ತರಬಾರದೆಂದು ಮೊದಲೇ ಹೇಳಿದೆವು. ಉಡುಗೊರೆಯ ಖರ್ಚು, ಯಾರಿಗೆ ಕಡಿಮೆ ಯಾರಿಗೆ ಹೆಚ್ಚು ಎಂಬ ತಾಪ ಎರಡೂ ತಪ್ಪಿದವು. ಆರನೆಯದು, ಯಾತ್ರೆ ಒಂದೇ.

ಕೆಲವರು ಸಿಟ್ಟಾದರು. “ಪರದೇಶದ ಗಾಳಿ ಬಡದೈತಿ” ಎಂದರು. ನಮ್ಮ ಸ್ವಂತ ತಂಗಿಯೇ ಒಂದು ತಿಂಗಳು ಫೋನು ಮಾಡಲಿಲ್ಲ. ಅದನ್ನು ನುಂಗಿಕೊಂಡೆವು. ರವಿವಾರದ ಊಟಕ್ಕೆ ಬಂದವಳು ಸೊಸೆಯ ಮುಖ ನೋಡಿ, “ಈ ಸಲ ಚಲೋ ಕಾಣತಾಳ” ಎಂದು ಅಂದದ್ದು ನಮ್ಮ ಕಿವಿಗೆ ಬಿತ್ತು.

ಮೊಮ್ಮಗನಿಗೆ ಆ ವರ್ಷವೂ ಆಡಲು ಜೊತೆ ಸಿಗಲಿಲ್ಲ. ಅದಕ್ಕೆ ಅಂಗಡಿಗೆ ಬಂದು ಕೂಡತೊಡಗಿದ. ಎರಡು ವಾರದಲ್ಲಿ ಬೆಲ್ಲ ತೂಗಲು, ಪೊಟ್ಟಣ ಕಟ್ಟಲು ಕಲಿತ. ಗಿರಾಕಿಯೊಂದಿಗೆ ಅರ್ಧ ಕನ್ನಡ ಅರ್ಧ ಮರಾಠಿ ಮಾತಾಡಲು ಕಲಿತ. ಕಲ್ಲು ಪೆಂಟೆ ಬೆಲ್ಲಕ್ಕೂ ಮೆತ್ತನೆಯ ಬೆಲ್ಲಕ್ಕೂ ದರ ಬೇರೆ ಏಕೆ ಎಂದು ಕೇಳಿದ. ನಾವು ಹೇಳಿದೆವು. ಹಿಂದೆ ಅಷ್ಟು ಸಲ ಬಂದಾಗಲೂ ನಮ್ಮಿಬ್ಬರಿಗೆ ಕೂತು ಮಾತಾಡುವ ಹೊತ್ತೇ ಸಿಕ್ಕಿರಲಿಲ್ಲ.

ಹೊರಡುವ ದಿನ ಸೊಸೆಯನ್ನು ನಮ್ಮ ಮನೆಯವರು ಕೂರಿಸಿ ತಲೆಗೆ ಎಣ್ಣೆ ಹಚ್ಚಿದರು. ಜೀಪಿನವನು ಹೊರಗೆ ಎರಡು ಸಲ ಹಾರ್ನು ಹೊಡೆದ. ನಾವು ಹೋಗಿ ಅವನಿಗೆ ಚಹಾ ಕೊಟ್ಟು, ಇನ್ನೂ ಅರ್ಧ ತಾಸು ತಡವಿದೆ ಎಂದು ಹೇಳಿ ಬಂದೆವು.